ಎಲೆ ಅಡಿಕೆಯ ಸೀಟು

ನನಗೆ ಒಂದಲ್ಲ, ಎರಡು ಮೆಡಿಕಲ್ ಸೀಟು ಸಿಕ್ಕಿದ್ದವು. ಈಗ ಚನ್ನಪಟ್ಟಣದ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೂತು, ಡಾಕ್ಟರುಗಳು ಗೀಚಿದ ಚೀಟಿ ಓದಿ ಮಾತ್ರೆ ಕೊಡುತ್ತೇನೆ. ಎರಡು ಸೀಟಿನ ವಿಷಯ ಹೇಳಿದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಾಪ ಅನ್ನುವ ಮುಖ ಮಾಡುತ್ತಾರೆ. ಆ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಹೇಳುವುದನ್ನು ಬಿಟ್ಟಿದ್ದೆ. ಇದೊಂದು ಸಲ ಹೇಳಿ ಮುಗಿಸುತ್ತೇನೆ.

ನಮ್ಮೂರು ಚನ್ನಪಟ್ಟಣದ ಕಡೆಯ ಅಕ್ಕೂರಿನಿಂದ ಇನ್ನೂ ಒಳಗೆ. ರೇಷ್ಮೆ ಬೆಳೆಯುವ ಮನೆ ನಮ್ಮದು. ಬಾವಿಯ ಸುತ್ತ ಹಿಪ್ಪುನೇರಳೆ ಸೊಪ್ಪಿನ ತೋಟ, ತೋಟದ ತಲೆಯಲ್ಲಿ ಹುಳದ ಮನೆ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ನಮಗೆ ನಮ್ಮ ಊಟ ನಿದ್ದೆ ಎರಡೂ ಮರೆತುಹೋಗುತ್ತಿದ್ದವು. ನಾನು ಓದಿದ್ದೆಲ್ಲ ಆ ಹುಳದ ಮನೆಯ ಬಾಗಿಲಲ್ಲಿ, ಸಾವಿರಾರು ಹುಳಗಳು ಸೊಪ್ಪು ಮೇಯುವ ಸಣ್ಣ ಸದ್ದು ಕೇಳಿಸಿಕೊಂಡು. ಈಗಲೂ ಮಳೆ ಶುರುವಾಗುವಾಗ ಅದೇ ಸದ್ದು ಅನ್ನಿಸಿ ಒಂದು ಕ್ಷಣ ಮೋಸ ಹೋಗುತ್ತೇನೆ.

ಆ ವರ್ಷಗಳಲ್ಲಿ ಬಿಡದಿ ಕಡೆಯಿಂದ ಫ್ಯಾಕ್ಟರಿಗಳು ಹೆದ್ದಾರಿ ಹಿಡಿದು ನಮ್ಮ ಕಡೆಗೆ ಬರುತ್ತಿದ್ದವು. ಊರೊಳಗೆ ಬಿಳಿ ಸುಮೋ ನುಗ್ಗಿತೆಂದರೆ ಯಾರದೋ ಹೊಲ ಹೋಯಿತೆಂದು ಚಿಳ್ಳೆಪಿಳ್ಳೆಗಳಿಗೂ ಗೊತ್ತಾಗುತ್ತಿತ್ತು. ನಮ್ಮಪ್ಪ ಪುಟ್ಟಸ್ವಾಮಿ ಮಾತ್ರ ಯಾವ ಸುಮೋಗೂ ಬಗ್ಗಲಿಲ್ಲ. ಬಾವಿ ಇರುವ ತೋಟ ಮಾರುವವನಿಗೆ ತಲೆ ಕೆಟ್ಟಿರಬೇಕು ಅನ್ನುತ್ತಿದ್ದ.

ಕೊನೆಗೆ ಬಂದವರು ಫ್ಯಾಕ್ಟರಿಯವರಲ್ಲ. ಒಂದು ಟ್ರಸ್ಟಿನ ಅಧ್ಯಕ್ಷರು. ಬಿಳಿ ಪಂಚೆ, ಬಿಳಿ ಶರಟು, ಹಣೆಗೆ ವಿಭೂತಿ. ನಮ್ಮ ಜಗಲಿ ಮೇಲೆ ಚಾಪೆ ಕೂಡ ಕೇಳದೆ ಕೂತು, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಇನ್ನೊಂದು ಲೋಟ ಕೇಳಿ ಕುಡಿದರು. ಆ ಎರಡನೇ ಲೋಟಕ್ಕೇ ನಮ್ಮ ಮನೆ ಅರ್ಧ ಸೋತಿತ್ತು. ಮೆಡಿಕಲ್ ಕಾಲೇಜು ಕಟ್ಟುತ್ತೇವೆ, ಜೊತೆಗೆ ಆಸ್ಪತ್ರೆ, ಸುತ್ತಲ ಹಳ್ಳಿಯವರಿಗೆ ಪುಕ್ಕಟೆ ಔಷಧಿ ಅಂದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. ನಾನಾಗ ಹತ್ತನೇ ಕ್ಲಾಸು.

"ಏನಾಗ್ಬೇಕಮ್ಮ ನೀನು?"

"ಡಾಕ್ಟ್ರು."

ಅಧ್ಯಕ್ಷರು ಅಪ್ಪನನ್ನು ನೋಡಿ ನಕ್ಕರು. "ಕೇಳಿಸ್ಕೊಂಡ್ರಾ ಪುಟ್ಟಸ್ವಾಮಿ? ಇನ್ನೇನ್ ಯೋಚನೆ?"

ಮುಂದಿನ ಶುಕ್ರವಾರ ಊರ ಮಾರಮ್ಮನ ಗುಡಿಯ ಮುಂದೆ, ಹತ್ತು ಜನರ ಎದುರಿಗೆ, ಅಧ್ಯಕ್ಷರು ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಇಟ್ಟು ಹೇಳಿದರು: "ನಿಮ್ ಜಮೀನಲ್ಲಿ ಏಳೋ ಕಾಲೇಜಲ್ಲಿ ಮೊದಲನೇ ಸೀಟು ನಿಮ್ ಮಗಳದು. ತಾಯಿ ಸಾಕ್ಷಿ." ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಎರಡೂ ಕೈ ಚಾಚಿ ಎಲೆ ಅಡಿಕೆ ಇಸಿದುಕೊಂಡ. ತೋಟ ಹೋಯಿತು.

ನಮ್ಮ ಕಡೆ ಎಲೆ ಅಡಿಕೆ ಇಸಿದುಕೊಂಡರೆ ಅಲ್ಲಿಗೆ ಮುಗಿಯಿತು. ಹೆಣ್ಣು ಗಂಡಿನ ಮಾತು ಗಟ್ಟಿಯಾಗುವುದು ಅದರಿಂದಲೇ, ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗುವುದೂ ಅದರಿಂದಲೇ. ಆಮೇಲೆ ಇಲ್ಲ ಅಂದವನ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಇದನ್ನು ನಂಬದವಳು ಊರಲ್ಲಿ ಒಬ್ಬಳೇ, ನಮ್ಮಜ್ಜಿ ಹನುಮಂತಮ್ಮ. ಸೊಂಟದ ಸಂಚಿಯಲ್ಲಿ ಸದಾ ಎಲೆ ಅಡಿಕೆ ಸುಣ್ಣ ಇಟ್ಟುಕೊಂಡು, ದಿನವಿಡೀ ಅಗಿಯುತ್ತಿದ್ದ ಮುದುಕಿಗೆ ಆ ಎಲೆಯ ಮೇಲೆ ಭಯಭಕ್ತಿ ಹೇಗೆ ಬಂದೀತು?

ನಾನು ಚನ್ನಪಟ್ಟಣದ ಕಾಲೇಜಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಪಿಯುಸಿ ಮುಗಿಸಿದೆ. ಯಾರ ಎಲೆ ಅಡಿಕೆಯನ್ನೂ ನಂಬಿ ಓದಲಿಲ್ಲ. ನನಗೆ ಬಯಾಲಜಿ ಹೇಳಿಕೊಟ್ಟವರು ಅಸ್ಗರ್ ಮೇಷ್ಟ್ರು, ಅದೇ ಪೇಟೆಯ ಗೊಂಬೆ ಮಾಡುವ ಮನೆತನದವರು. ಕ್ಲಾಸು ಮುಗಿದ ಮೇಲೂ ಕೂರಿಸಿಕೊಂಡು ಸಿಇಟಿಗೆ ತಯಾರು ಮಾಡಿದರು. ರ‍್ಯಾಂಕ್ ಬಂತು. ಬೆಂಗಳೂರಿನಲ್ಲಿ ಕೌನ್ಸೆಲಿಂಗ್‌ಗೆ ಕರೆದರು. ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ನನ್ನ ಸ್ವಂತ ಸೀಟು. ವಾಪಸ್ ಬರುವಾಗ ಅಪ್ಪ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದ, ಮದ್ದೂರಿನಲ್ಲಿ ಇಳಿಯುವ ಯಾವನೋ ಕುರಿ ವ್ಯಾಪಾರಿಗೂ ಹೇಳಿದ. ಅವತ್ತಿನ ಅಪ್ಪನ ಮುಖ ನೆನೆದರೆ ಇವತ್ತಿಗೂ ನನ್ನ ಸಿಟ್ಟು ಒಂದು ಗಳಿಗೆ ತಣ್ಣಗಾಗುತ್ತದೆ.

ಸುದ್ದಿ ಟ್ರಸ್ಟಿಗೂ ಮುಟ್ಟಿತು. ವಾರ ಕಳೆಯುವುದರೊಳಗೆ ಅವರ ಮ್ಯಾನೇಜರ್ ಅಶ್ವಥ್ ಹೂವು, ಹಣ್ಣು, ಸೀರೆ ತುಂಬಿದ ತಟ್ಟೆ ಹಿಡಿದುಕೊಂಡು ಬಂದ. ನನ್ನನ್ನು ಯಾರಿಗೋ ಕೊಡುವ ಮಾತಿರಬೇಕೆಂದು ಪಕ್ಕದ ಮನೆಯವರು ಇಣುಕಿ ನೋಡಿದರು. ಹೆಚ್ಚುಕಮ್ಮಿ ಅದೇ ಆಗಿತ್ತು.

"ಈ ವರ್ಷ ಕಾಲೇಜು ಶುರು ಪುಟ್ಟಸ್ವಾಮಣ್ಣ. ಅಧ್ಯಕ್ಷರು ಮಾತು ಮರ್ತಿಲ್ಲ. ಮೊದಲನೇ ಅಡ್ಮಿಷನ್ ಭಾನುಪ್ರಿಯಂದೇ," ಅಂದ.

ಅವನು ಹೋದ ಮೇಲೆ ನಮ್ಮ ಮನೆಯಲ್ಲಿ ಒಲೆ ಹತ್ತಲಿಲ್ಲ.

"ನಾನು ಹುಬ್ಬಳ್ಳಿಗೇ ಓಗೋದು," ಅಂದೆ.

"ಎಲೆ ಅಡ್ಕೆ ಇಸ್ಕಂಡಿವ್ನಿ ಕಣವ್ವಾ," ಅಂದ ಅಪ್ಪ. "ತಾಯಿ ಮುಂದೆ ಇಸ್ಕಂಡಿದ್ದು. ಅವ್ರು ಮಾತು ಉಳಿಸ್ಕಂಡು ಮನೆ ಬಾಗ್ಲಿಗೆ ಬಂದವ್ರೆ. ಈಗ ನಾನು ಬ್ಯಾಡ ಅಂದ್ರೆ ಊರೋರು ಏನಂದಾರು? ಅಲ್ದೆ, ತ್ವಾಟ ಕೊಟ್ಟಿದ್ದು ಯಾತಕ್ಕೆ? ನೀನು ಅಲ್ಲಿ ಓದ್ನಿಲ್ಲ ಅಂದ್ರೆ ಸುಮ್ ಸುಮ್ನೆ ಕೊಟ್ಟಂಗಾಯ್ತದೆ."

ಅಮ್ಮ ವೆಂಕಟಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಅವಳಿಗೆ ಮಗಳು ಕಣ್ಣೆದುರಿಗೇ ಇರುವುದಾದರೆ ಯಾವ ಕಾಲೇಜಾದರೂ ಸರಿ. "ಹುಬ್ಬಳ್ಳೀಲಿ ಮುದ್ದೆ ಸಿಕ್ಕಾಕಿಲ್ವಂತೆ. ಮೂರೊತ್ತೂ ರೊಟ್ಟಿಯಂತೆ. ಅದನ್ನ ತಿನ್ಕಂಡು ಎಂಗಿದ್ದೀಯೆ ಮಗಾ?" ಅಂದಳು. ನನ್ನ ಇಡೀ ಬಾಳು ಒಂದು ಕಡೆ, ಮುದ್ದೆ ರೊಟ್ಟಿ ಒಂದು ಕಡೆ! ನಗಬೇಕೋ ಅಳಬೇಕೋ ತಿಳಿಯದೆ ನಾನು ಅತ್ತೆ.

ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ತಲೆ ಎತ್ತಿದಳು. "ಲೇ ಪುಟ್ಟಸಾಮಿ, ಎಲೆ ಅಡ್ಕೆ ಇಸ್ಕಂಡೋನು ನೀನು. ಓಗು, ನೀನೇ ಓಗಿ ಅಲ್ಲಿ ಓದ್ಕೊ. ಮಗೀನ ಬುಡು."

"ನೀನು ಸುಮ್ಕಿರವ್ವ," ಅಂದ ಅಪ್ಪ. ನಮ್ಮ ಮನೆಯಲ್ಲಿ ಸರಿಯಾದ ಮಾತಿಗೆ ಯಾವಾಗಲೂ ಇದೇ ಉತ್ತರ.

ನಾನು ಉಣ್ಣುವುದನ್ನು ಬಿಟ್ಟೆ. ವಿಷಯ ತಿಳಿದು ಅಸ್ಗರ್ ಮೇಷ್ಟ್ರು ಲೂನಾ ಹತ್ತಿ ನಮ್ಮೂರಿಗೆ ಬಂದರು. ಜಗಲಿ ಮೇಲೆ ಅಪ್ಪನ ಪಕ್ಕ ಕೂತು, ಯಾರನ್ನೂ ದೂರದೆ ನಿಧಾನವಾಗಿ ಹೇಳಿದರು: "ಪುಟ್ಟಸ್ವಾಮಿಯೋರೇ, ನೀವು ಮಾತು ತಪ್ಪಿ ಅಂತ ನಾನು ಹೇಳಲ್ಲ. ಹೊಸ ಮೆಡಿಕಲ್ ಕಾಲೇಜಿಗೆ ದಿಲ್ಲಿಯಿಂದ ಪರ್ಮಿಷನ್ ಬರ್ಬೇಕು. ಅದು ಬಂದಿದ್ಯಾ ಅಂತ ಒಂದೇ ಒಂದು ಮಾತು ಕೇಳಿ. ಬಂದಿದ್ರೆ ಖುಷಿಯಾಗಿ ಸೇರ್ಸಿ. ಬಂದಿಲ್ಲ ಅಂದ್ರೆ ಹುಬ್ಬಳ್ಳಿ ಬಿಡ್ಬೇಡಿ. ಇಷ್ಟು ಮಾಡಿ ಸಾಕು."

ಅಪ್ಪ ಒಪ್ಪಿದ. ಮಾರನೇ ದಿನವೇ ಒಗೆದ ಪಂಚೆ ಉಟ್ಟುಕೊಂಡು ಬೆಂಗಳೂರಿಗೆ, ಅಧ್ಯಕ್ಷರ ಮನೆಗೆ ಹೋದ. ಸಂಜೆ ಬಸ್ಸಿಳಿದು ಬರುವವರೆಗೆ ನಾನು ಬೇಲಿಯ ಹತ್ತಿರವೇ ಕಾದಿದ್ದೆ.

"ಕೇಳ್ದಾ ಅಪ್ಪಾ?"

ಅಪ್ಪ ಚಪ್ಪಲಿ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು, ಮುಖ ಒರೆಸಿಕೊಂಡ. "ಒಳೀಕೆ ಕರೆದು ಸೋಫಾ ಮ್ಯಾಲೆ ಕೂರಿಸ್ಕಂಡ್ರು ಮಗಾ. ಅವ್ರ ಎಂಡ್ರೇ ಕಾಫಿ ತಂದ್ಕೊಟ್ರು. ನಿನ್ ಮಗಳು ನಮ್ ಮಗಳಿದ್ದಂಗೆ ಅಂದ್ರು. ಅಂತೋರ್ನ, ಎಲ್ಲಿ ಕಾಗ್ದ ತೋರ್ಸಿ ಅಂತ ಎಂಗ್ ಕೇಳದು? ಎಲೆ ಅಡ್ಕೆ ಕೊಟ್ಟೋರ್ನ ಅಂಗೆ ಕೇಳಿದ್ರೆ ಮುಖಕ್ ಉಗ್ದಂಗೆ ಅಲ್ವಾ?"

ಕೇಳಲೇ ಇಲ್ಲ! ಒಂದು ಮಾತು. ಬಸ್ಸು ಹತ್ತಿ, ಬೆಂಗಳೂರು ಮುಟ್ಟಿ, ಸೋಫಾದಲ್ಲಿ ಕೂತು, ಕಾಫಿ ಕುಡಿದು ಬಂದ ನಮ್ಮಪ್ಪ ಆ ಒಂದು ಮಾತು ಕೇಳಲಿಲ್ಲ. ರೇಷ್ಮೆ ಮೊಟ್ಟೆ ತರುವಾಗ ಮೊಟ್ಟೆ ಅಂಟಿದ ಹಾಳೆಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದ ಮನುಷ್ಯ. ನನ್ನ ಬಾಳಿನ ವಿಷಯಕ್ಕೆ ಅವನಿಗೆ ಮರ್ಯಾದೆ ಅಡ್ಡ ಬಂತು.

ಸೀಟು ಬಿಟ್ಟುಕೊಡಲು ಎರಡನೇ ಸುತ್ತಿನ ಕೌನ್ಸೆಲಿಂಗ್ ದಿನ ಹೋದೆವು. ಹಾಲ್‌ನ ಗೋಡೆ ಮೇಲೆ ದೊಡ್ಡ ಪರದೆ, ಅದರ ಮೇಲೆ ಕಾಲೇಜುಗಳ ಹೆಸರು, ಪಕ್ಕದಲ್ಲಿ ಉಳಿದ ಸೀಟು. ಹುಬ್ಬಳ್ಳಿಯ ಮುಂದೆ ಸೊನ್ನೆ ಇತ್ತು. ಕೌಂಟರಿನ ಹೆಂಗಸು ನಮ್ಮ ಕಾಗದ ತೆಗೆದುಕೊಂಡು ಹುಬ್ಬು ಗಂಟಿಕ್ಕಿದರು. "ಇದನ್ನ ಬಿಟ್ಟು ಎಲ್ಲಿಗೆ ಸೇರಿಸ್ತೀರಿ?"

"ನಮ್ ಜಮೀನ್ನಾಗೇ ಕಾಲೇಜ್ ಆಗೈತೆ ಮೇಡಂ," ಅಂದ ಅಪ್ಪ. ಎದೆ ಉಬ್ಬಿಸಿಕೊಂಡೇ ಅಂದ.

ಅವರು ನನ್ನನ್ನು ನೋಡಿದರು. "ನಿನಗೆ ಒಪ್ಪಿಗೆನಾ ಅಮ್ಮ?"

ನಾನು ಅಪ್ಪನ ಮುಖ ನೋಡಿದೆ. ಗದರಿಸುವ ಮುಖವಾಗಿದ್ದರೆ ಅಲ್ಲೇ ಇಲ್ಲ ಅಂದುಬಿಡುತ್ತಿದ್ದೆ. ಅದು ಬೇಡುವ ಮುಖವಾಗಿತ್ತು. ಜೀವಮಾನದಲ್ಲಿ ಯಾರ ಮುಂದೆಯೂ ಬೇಡದವನು ನನ್ನ ಮುಂದೆ ಬೇಡುತ್ತಿದ್ದ. "ಹ್ಞೂಂ," ಅಂದೆ.

ಪರದೆಯ ಮೇಲೆ ಹುಬ್ಬಳ್ಳಿಯ ಸೊನ್ನೆ ಅಳಿಸಿ ಒಂದು ಬಂತು. ಆ ಒಂದು ನಾನು. ಅಪ್ಪ ಸ್ಟೂಲಿನ ಮೇಲಿದ್ದ ಕೊಳಗದಿಂದ ನೀರು ಬಗ್ಗಿಸಿಕೊಂಡು ಬಂದು ಕೊಟ್ಟ. ಲೋಟ ಕೆಳಗಿಡುವುದರೊಳಗೆ ಒಂದು ಹೋಗಿ ಮತ್ತೆ ಸೊನ್ನೆಯಾಯಿತು. ಹಾಲ್‌ನ ಆ ಕಡೆಯಿಂದ ಹಳದಿ ಚೂಡಿದಾರದ ಹುಡುಗಿಯೊಬ್ಬಳು ಕಿರುಚಿಕೊಂಡು ಓಡಿ ಬಂದು ಅವರಪ್ಪನ ಕೊರಳಿಗೆ ಜೋತುಬಿದ್ದಳು. ಆ ಮನುಷ್ಯ ಗಳಗಳ ಅಳುತ್ತಿದ್ದ. ನಮ್ಮಪ್ಪ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ಅವನು ಇದನ್ನೆಲ್ಲ ನೋಡಲಿಲ್ಲ ಅಂದುಕೊಂಡೆ.

ನನ್ನ ಎರಡನೇ ಸೀಟಿನ ಸಂಭ್ರಮ ಹೀಗೆ ಶುರುವಾಯಿತು. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ, ರಾಮನಗರದ ಗೂಡಿನ ಮಾರ್ಕೆಟ್ಟಿನ ಎದುರಿಗೆ, ಕನಕಪುರದ ಸರ್ಕಲ್ಲಿನಲ್ಲಿ ನನ್ನ ಫೋಟೊ ಇರುವ ಬ್ಯಾನರ್ ಕಟ್ಟಿದರು. 'ಸರ್ಕಾರಿ ಸೀಟು ಬಿಟ್ಟು ನಮ್ಮಲ್ಲಿಗೆ ಬಂದ ಪ್ರತಿಭೆ.' ಅದನ್ನು ನೋಡಿಯೇ ಮಾಗಡಿ ಕಡೆಯಿಂದ, ಕನಕಪುರ ಕಡೆಯಿಂದ ಜನ ಮಕ್ಕಳನ್ನು ಕರೆದುಕೊಂಡು ಬಂದರು. ನಾನು ಯಾಕೆ ಬೇಕಾಗಿದ್ದೆನೆಂದು ನನಗೆ ಆಗ ತಿಳಿಯಿತು. ಮೀನು ಹಿಡಿಯುವವನು ಗಾಳಕ್ಕೆ ಎರೆಹುಳ ಸಿಕ್ಕಿಸುತ್ತಾನಲ್ಲ, ಹಾಗೆ.

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಗೌಸ್ ಅವರ ಮಗಳು ಸಫೂರಾ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. "ನಿನ್ ಫೋಟೊ ನೋಡೇ ಅಬ್ಬಾ ನನ್ನ ಇಲ್ಲಿ ಸೇರಿಸಿದ್ದು," ಎಂದು ಮೊದಲ ದಿನವೇ ಪ್ರೀತಿಯಿಂದ ಹೇಳಿದಳು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಹುಳದ ಮನೆ ಇದ್ದ ಜಾಗದಲ್ಲಿ ಹೆಣ ಕೊಯ್ಯುವ ಹಾಲ್ ಕಟ್ಟಿದ್ದರು. ಹಾಲ್ ಇತ್ತು, ಹೆಣವಿರಲಿಲ್ಲ. ಮೇಷ್ಟ್ರುಗಳು ವಾರಕ್ಕೊಮ್ಮೆ ಬಂದರೆ ಹೆಚ್ಚು. ಪರ್ಮಿಷನ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಹೇಳುತ್ತಿದ್ದರು. ಕೊನೆಗೊಂದು ದಿನ ದಿಲ್ಲಿಯಿಂದ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಆಸ್ಪತ್ರೆಯ ಹಾಸಿಗೆಗಳೆಲ್ಲ ಖಾಲಿ. ಬೆಳಗ್ಗೆಯೇ ಟ್ರ್ಯಾಕ್ಟರು ಊರೂರು ತಿರುಗಿ ಜನರನ್ನು ತುಂಬಿಕೊಂಡು ಬಂತು. ಮಧ್ಯಾಹ್ನ ಬಾಡೂಟ ಎಂದು ಹೇಳಿದ್ದರು.

ಬಿಳಿ ಕೋಟು ಹಾಕಿಕೊಂಡು ವಾರ್ಡಿನೊಳಗೆ ಹೋದರೆ ನಮ್ಮಪ್ಪ ಮಲಗಿದ್ದ. ಕಾಲ ಬಳಿ ನೇತುಹಾಕಿದ್ದ ಚೀಟಿಯಲ್ಲಿ ಎದೆನೋವು ಎಂದು ಬರೆದಿತ್ತು. ಕತ್ತಿನವರೆಗೂ ಹೊದ್ದುಕೊಂಡು, ನನ್ನನ್ನು ನೋಡಿದ್ದೇ ತಡ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಪಕ್ಕದ ಮಂಚದಲ್ಲಿ ಅಜ್ಜಿ. ಅವಳಿಗೆ ಕಾಮಾಲೆಯಂತೆ.

ತಪಾಸಣೆಗೆ ಬಂದವರಲ್ಲಿ ಕನ್ನಡ ಬಲ್ಲ ವಯಸ್ಸಾದ ಡಾಕ್ಟರೊಬ್ಬರಿದ್ದರು. ಅಜ್ಜಿಯ ರೆಪ್ಪೆ ಎತ್ತಿ ನೋಡಿ, "ಏನಜ್ಜಿ ಕಾಯಿಲೆ?" ಎಂದು ಕೇಳಿದರು.

"ನಂಗ್ಯಾವ ಕಾಯ್ಲೆ ಸಾಮಿ?" ಅಂದಳು ಅಜ್ಜಿ. "ಇದು ನಮ್ ತ್ವಾಟ. ಬಂದು ಮನೀಕಂಡಿವ್ನಿ."

ಅಜ್ಜಿಯಿಂದಲೇ ಕಾಲೇಜು ಮುಳುಗಿತೆಂದು ಅಶ್ವಥ್ ಊರೆಲ್ಲ ಹೇಳಿಕೊಂಡು ಬಂದ. ಹೆಣವಿಲ್ಲದ, ಮೇಷ್ಟ್ರಿಲ್ಲದ, ರೋಗಿಗಳನ್ನು ಟ್ರ್ಯಾಕ್ಟರಿನಲ್ಲಿ ತರುವ ಕಾಲೇಜು ಮುಳುಗುವುದಕ್ಕೆ ನಮ್ಮಜ್ಜಿಯೇ ಬೇಕಿತ್ತೇನು? ಪರ್ಮಿಷನ್ ಬರಲಿಲ್ಲ. ಪರೀಕ್ಷೆಯೂ ನಡೆಯಲಿಲ್ಲ. ಟ್ರಸ್ಟಿನವರು ಕೋರ್ಟಿಗೆ ಹೋಗಿದ್ದೇವೆ, ಗೆದ್ದೇ ಗೆಲ್ಲುತ್ತೇವೆ ಎಂದು ನಮ್ಮನ್ನು ಕೂರಿಸಿಕೊಂಡರು. ಅಪ್ಪ ಪ್ರತಿ ಸಲವೂ ನಂಬಿದ. "ತಾಯಿ ಸಾಕ್ಷಿ ಅಂದವ್ರೆ," ಅನ್ನುತ್ತಿದ್ದ. ಹೀಗೇ ವರ್ಷದ ಮೇಲೆ ವರ್ಷ ಉರುಳಿ, ಒಂದು ದಿನ ಗೇಟಿಗೆ ಬೀಗ ಬಿತ್ತು. ಸಫೂರಾ ಹೋಗುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಮತ್ತೆ ಸಿಇಟಿ ಬರೆದೆ. ಓದಿದ್ದು ಮರೆತಿತ್ತು, ಓದುವ ಮನಸ್ಸೂ ಸತ್ತಿತ್ತು. ರ‍್ಯಾಂಕ್ ಯಾವ ಸೀಟಿನ ಹತ್ತಿರಕ್ಕೂ ಬರಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಅಶ್ವಥ್ ಮತ್ತೆ ಬಂದ. ಅದೇ ತಟ್ಟೆ. ಎಲೆ, ಅಡಿಕೆ, ಬಾಳೆಹಣ್ಣು. ಈ ಸಲ ಸೀರೆ ಇರಲಿಲ್ಲ.

"ಅಧ್ಯಕ್ಷರು ಮಾತಿಗೆ ತಪ್ಪೋರಲ್ಲ ಪುಟ್ಟಸ್ವಾಮಣ್ಣ. ಅದೇ ಕಟ್ಟಡದಲ್ಲಿ ನರ್ಸಿಂಗ್ ಕಾಲೇಜು ಮಾಡ್ತಾವ್ರೆ. ಮೊದಲನೇ ಸೀಟು ಭಾನುಪ್ರಿಯಂಗೇ ಅಂತ ಹೇಳಿ ಕಳಿಸವ್ರೆ," ಎಂದು ಹಲ್ಲು ಕಿರಿದ.

ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಜಗಲಿ ಮೇಲೆ ಕೂತಿದ್ದ. ಅವನ ಹೆಗಲ ಮೇಲಿದ್ದ ಟವೆಲ್ ತಾನಾಗಿಯೇ ಸೊಂಟಕ್ಕೆ ಬಂತು. ಎರಡೂ ಕೈ ಮುಂದಕ್ಕೆ ಬಂದವು. ನಾನೇ ಕಣ್ಣಾರೆ ನೋಡಿದೆ. ಆ ಕೈಗಳನ್ನು ಹಿಡಿದು ಮುರಿದುಬಿಡಬೇಕು ಅನ್ನಿಸಿತು. ದೇವರಾಣೆ, ಹಾಗೇ ಅನ್ನಿಸಿತು.

ತಟ್ಟೆ ಅಪ್ಪನ ಕೈ ಮುಟ್ಟುವ ಮೊದಲೇ ಅಜ್ಜಿ ಎದ್ದು ಬಂದು ಎಲೆ ಅಡಿಕೆ ಎತ್ತಿಕೊಂಡಳು. ಕುಕ್ಕರುಗಾಲಿನಲ್ಲಿ ಕೂತು, ಸಂಚಿ ಬಿಚ್ಚಿ, ಎಲೆಯ ತೊಟ್ಟು ಮುರಿದು, ತೊಡೆ ಮೇಲೆ ಒರೆಸಿ, ಸುಣ್ಣ ಸವರಿದಳು. ಅಡಿಕೆ ಕುಟ್ಟಿ ಸೇರಿಸಿ ಮಡಿಸಿ ಬಾಯಿಗೆ ಹಾಕಿಕೊಂಡಳು. ಅಶ್ವಥ್ ಬಾಳೆಹಣ್ಣಷ್ಟೇ ಉಳಿದ ತಟ್ಟೆ ಹಿಡಿದುಕೊಂಡು ನೋಡುತ್ತಿದ್ದ.

"ಎಲೆ ಎಳೇದಾಗೈತೆ ಕಣಪ್ಪ," ಅಂದಳು ಅಜ್ಜಿ, ನಿಧಾನವಾಗಿ ಅಗಿಯುತ್ತ. "ನಂದೂ ಮುಗ್ದೋಗಿತ್ತು. ಒಳ್ಳೆ ಟೇಮಿಗೆ ತಂದೆ. ಇನ್ನೇನೂ ಮಾತಿಲ್ಲ, ಒಂಟೋಗು." ಜಗಲಿಯಿಂದ ಬಗ್ಗಿ ಅವನ ಬೂಟಿನ ಪಕ್ಕಕ್ಕೆ ಕೆಂಪಗೆ ಉಗಿದಳು.

ಅವನು ಹೋದ. ಅವನ ಸುಮೋ ಎಬ್ಬಿಸಿದ ಧೂಳು ಅಡಗಿತು. ಅಪ್ಪನ ಕೈಗಳು ಇನ್ನೂ ಮುಂದಕ್ಕೇ ಇದ್ದವು, ಯಾರೋ ಏನನ್ನೋ ಕೊಡುವುದು ಬಾಕಿಯಿದೆ ಎನ್ನುವಂತೆ. ನನ್ನ ಕಡೆ ನೋಡದೆಯೇ ಕೇಳಿದ.

"ಭಾನು, ಅವತ್ತು ಅಳದಿ ಚೂಡಿದಾರ ಆಕಂಡಿದ್ದ ಮಗ ಇತ್ತಲ್ಲ, ಅದು ಈಗ ಎಷ್ಟ್ನೇ ವರ್ಸದಲ್ಲಿದ್ದಾತು?"

ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದವನು ಎಲ್ಲವನ್ನೂ ನೋಡಿದ್ದ. ಇಷ್ಟು ವರ್ಷ ಆ ಹುಡುಗಿ ನನ್ನೊಬ್ಬಳ ಹೊಟ್ಟೆಯಲ್ಲಿ ಮಾತ್ರ ಉರಿಯುತ್ತಿದ್ದಾಳೆ ಅಂದುಕೊಂಡಿದ್ದೆ. ಅವಳು ಯಾವಾಗ ಮೊದಲ ವರ್ಷ ಮುಗಿಸಿರಬೇಕು, ಯಾವಾಗ ವಾರ್ಡಿಗೆ ಹೋಗಿರಬೇಕು, ನನಗೆ ಎಲ್ಲ ಲೆಕ್ಕ ಗೊತ್ತಿತ್ತು.

"ಕೊನೇ ವರ್ಸ," ಅಂದೆ. "ಇನ್ನೊಸಿ ದಿನ. ಆಮ್ಯಾಕೆ ಡಾಕ್ಟ್ರು."

ಅಪ್ಪ ಕೈ ಕೆಳಗಿಳಿಸಿ ತೊಡೆ ಮೇಲಿಟ್ಟುಕೊಂಡ. "ಚೆನ್ನಾಗಿರ್ಲಿ ಬುಡು," ಅಂದ.

ನಾನು ಆ ಮಾತು ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ.